ಮಾದರಿ ಉತ್ತರಗಳ ದೇಶದಲ್ಲಿ

ಗಡಿ

ನಮ್ಮ ಹುಮನಾಬಾದಿನಲ್ಲಿ ಪರದೇಶಕ್ಕೆ ಹೋಗಿಬಂದವರು ನಾಲ್ಕೈದು ಮಂದಿ ಇದ್ದಾರೆ. ದುಬೈಗೆ ಹೋದವರು ಅತ್ತರಿನ ಶೀಸೆ ತಂದರು. ಮಸ್ಕತ್ತಿಗೆ ಹೋದವರು ಕಂಬಳಿ ತಂದರು. ನಾನು ಜಹೀರಾಬಾದಿಗೆ ಹೋದೆ, ಸಿಟ್ಟು ತಂದೆ. ಎರಡು ತಾಸಿನ ದಾರಿಯನ್ನು ಪರದೇಶ ಎನ್ನುತ್ತಾನಲ್ಲ ಈ ಮುದುಕ ಎಂದು ಮೀಸೆಯಲ್ಲಿ ನಗುವವರು ನಗಲಿ. ಬಸ್ಸಿನಿಂದ ಇಳಿಸಿ, ಎರಡು ಚೀಲ ಹೊರಿಸಿ, ಚೆಕ್‌ಪೋಸ್ಟಿನ ಅಡ್ಡಗಂಬದ ಕೆಳಗೆ ಬಗ್ಗಿಸಿ ಆಚೆ ದಾಟಿಸಿದರೆ ಅದು ಪರದೇಶವೇ. ಪಾಸ್‌ಪೋರ್ಟ್ ಕೇಳಲಿಲ್ಲ ಎಂಬುದು ಆ ದೇಶದವರ ಆಲಸ್ಯ, ನನ್ನ ತಪ್ಪಲ್ಲ.

ಆಚೆಯವರು ತಮಗೆ ಬೇರೆ ರಾಜ್ಯ ಬೇಕೆಂದು ಸಕಲ ಕೆಲಸಗಳನ್ನೂ ನಿಲ್ಲಿಸಿ ಕೂತಿದ್ದ ದಿನಗಳು ಅವು. ಆಫೀಸು ಬಂದ್, ಬಸ್ಸು ಬಂದ್, ಶಾಲೆ ಬಂದ್. ಇಂಥ ಹೊತ್ತಿನಲ್ಲಿ ಜಹೀರಾಬಾದಿನಲ್ಲಿರುವ ನನ್ನ ಮಗಳು ಮಹಾನಂದಾ ಫೋನು ಮಾಡಿ, "ಅಪ್ಪಾ, ನೀವು ಬರಬೇಕು. ಮಕ್ಕಳನ್ನ ಮನ್ಯಾಗೇ ಓದಸ್ಬೇಕಂತ ಮಾಡೀನಿ. ಸಾಹಿತ್ಯಕ್ಕ ಒಂದು ಪಠ್ಯಕ್ರಮ ಆರಿಸಿ ಕೊಡ್ರಿ" ಎಂದಳು. ನಾನು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ಈ ವಿಷಯದಲ್ಲಿ ನನ್ನನ್ನು ಬಿಟ್ಟು ಇನ್ಯಾರನ್ನು ಕೇಳಬೇಕು ಎಂಬ ಗಾಂಭೀರ್ಯದಿಂದಲೇ ಹೊರಟೆ.

ನಮ್ಮ ಬಸ್ಸಿನ ಕಂಡಕ್ಟರ್ ಗಡಿಯಲ್ಲಿ ಸೀಟಿ ಊದಿದ. "ಇಳೀರಿ ಸರ. ಮುಂದ ಹೋಗಂಗಿಲ್ಲ. ಅಲ್ಲಿ ರಸ್ತಾದ ಮ್ಯಾಲೆ ಅಡಿಗಿ ಮಾಡ್ಲತ್ತಾರ."

ಇದು ಕಂಡಕ್ಟರುಗಳ ಎಂದಿನ ಉತ್ಪ್ರೇಕ್ಷೆ ಎಂದುಕೊಂಡೆ. ಒಂದು ಮೈಲಿ ನಡೆದ ಮೇಲೆ ಕಂಡದ್ದು ಅಕ್ಷರಶಃ ಅಡಿಗೆ. ರಾಷ್ಟ್ರೀಯ ಹೆದ್ದಾರಿಯ ನಟ್ಟನಡುವೆ ಮೂರು ಮೂರು ಕಲ್ಲು ಹೂಡಿ, ಮೇಲೆ ಕೊಳಗ ಇಟ್ಟು, ಸರಕಾರಿ ನೌಕರರು ಅನ್ನ ಬೇಯಿಸುತ್ತಿದ್ದರು. ಎರಡೂ ಕಡೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಹೆದ್ದಾರಿ ಎಂಬುದು ಯಾತಕ್ಕಾಗಿ ಇರುತ್ತದೆ, ನಾಗರಿಕನ ಕರ್ತವ್ಯಗಳೇನು ಎಂಬುದನ್ನು ನಾನು ಅಲ್ಲೇ ನಿಂತು ಐದು ನಿಮಿಷ ವಿವರಿಸಿದೆ. ಸೌಟು ಹಿಡಿದಿದ್ದ ಒಬ್ಬ ಗುಮಾಸ್ತ ಕೊನೆಯವರೆಗೂ ಕೇಳಿದ.

"ಎಲ್ಲಾ ಬರೋಬ್ಬರಿ ಅಂದ್ರಿ ಮಾಸ್ತರ್," ಎಂದ. "ಮಗರ ಖಾಲಿ ಹೊಟ್ಟೀಲೆ ಇಷ್ಟ ಸಿಟ್ಟಾಗಬಾರ್ದು. ಕೂಡ್ರಿ, ಉಣ್ರಿ."

ನಮ್ಮ ಕಡೆ ಚಳವಳಿ ಎಂದರೆ ಉಪವಾಸ. ಈ ದೇಶದಲ್ಲಿ ಊಟ. ಡಾಂಬರಿನ ಮೇಲೆ ಪತ್ರಾವಳಿ ಹಾಕಿ ಕೂಡಿಸಿದರು. ಪುಂಡಿಪಲ್ಯ ನನ್ನ ಹೆಂಡತಿ ಮಾಡುವುದಕ್ಕಿಂತ ಚೆನ್ನಾಗಿತ್ತು. ಇದರಿಂದ ನನ್ನ ಸಿಟ್ಟು ಇಮ್ಮಡಿಯಾಯಿತು. ಉಂಡ ಮನೆಯವರನ್ನು ಬೈಯಲು ಬಾಯಿ ಬರುವುದಿಲ್ಲವಲ್ಲ.

ಜಹೀರಾಬಾದ್

ಅಳಿಯ ಪ್ರಕಾಶ ಬಸ್ ಡಿಪೋದಲ್ಲಿ ಕಂಡಕ್ಟರು. ಮುಷ್ಕರದ, ಅಲ್ಲಿಯವರ ಮಾತಿನಲ್ಲಿ ಸಮ್ಮೆಯ, ಕಾಲವಾದ್ದರಿಂದ ಬೆಳಗಾದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಧರಣಿಯ ಟೆಂಟಿಗೆ ಹೋಗುತ್ತಿದ್ದ. ಡ್ಯೂಟಿಗೆ ಹೋಗುವಾಗ ಇಷ್ಟು ವೇಳೆಗೆ ಸರಿಯಾಗಿ ಹೋದದ್ದಿಲ್ಲವೆಂದು ಮಗಳು ಹೇಳಿದಳು. ಮೊಮ್ಮಕ್ಕಳು ಇಬ್ಬರು. ಚಿಕ್ಕವಳು ಮೈನಾ, ಎಂಟು ವರ್ಷ, ಹೆಸರಿಗೆ ತಕ್ಕ ಬಾಯಿ. ದೊಡ್ಡವಳು ಸುಜಾತಾ, ಹನ್ನೊಂದು ವರ್ಷ. ಈ ಪ್ರವಾಸವೆಲ್ಲ ಅವಳಿಗಾಗಿ.

ಹೋದವನೇ, "ಏನವ್ವ ಸುಜಾತಾ, ಮುತ್ಯಾನ್ನ ನೋಡಿ ಖುಷಿ ಆತೇನು?" ಎಂದು ಕೇಳಿದೆ.

ಹುಡುಗಿ ತಾಯಿಯ ಕಡೆ ತಿರುಗಿ ಮೆಲ್ಲಗೆ, "ಏನನ್ಬೇಕವ್ವಾ?" ಎಂದಳು.

ಇದು ವಿನಯವಲ್ಲ, ಗಾಯ. ನಡೆದದ್ದಿಷ್ಟು. ಅವಳು ಹೋಗುತ್ತಿದ್ದ ಊರಿನ ಒಂದು ಇಂಗ್ಲಿಷ್ ಶಾಲೆಯಲ್ಲಿ ಒಂದು ಕಥೆ ಓದಿಸಿ, ಆಡು ಸತ್ತಾಗ ಮುದುಕಿ ಯಾಕೆ ಅತ್ತಳು ಎಂದು ಕೇಳಿದರಂತೆ. ಗೈಡಿನ ಪ್ರಕಾರ, ಆಡಿನ ಮೇಲೆ ಅವಳಿಗೆ ಬಹಳ ಪ್ರೀತಿ ಇದ್ದುದರಿಂದ. ಸುಜಾತಾ ಬರೆದದ್ದು: "ಮುದುಕಿಗೆ ಭಾಳ ದಿನದಿಂದ ಅಳಬೇಕಾಗಿತ್ತು. ಆಡು ಸತ್ತದ್ದು ನೆಪ." ಈ ಅಪರಾಧಕ್ಕಾಗಿ ಅವಳನ್ನು ಒಂದು ವಾರ ತರಗತಿಯಿಂದ ತರಗತಿಗೆ ಕಳಿಸಿ, ಸರಿಯುತ್ತರವನ್ನು ಗಟ್ಟಿಯಾಗಿ ಓದಿಸಿದರು. ಅಂದಿನಿಂದ ಹುಡುಗಿ ಸ್ವಂತ ಮಾತು ನಿಲ್ಲಿಸಿದ್ದಾಳೆ. ಸಾರಿಗೆ ಉಪ್ಪು ಸರಿಯಿದೆಯೇ ಎಂದರೂ ಏನನ್ನಬೇಕೆಂದು ತಾಯಿಯನ್ನು ಕೇಳುತ್ತಾಳೆ. ಆ ಉತ್ತರ ಬರೆದ ಹುಡುಗಿಯನ್ನು ನಾನಾಗಿದ್ದರೆ ಹೆಗಲ ಮೇಲೆ ಕೂಡಿಸಿಕೊಳ್ಳುತ್ತಿದ್ದೆ ಎಂದು ನಾನು ಗುಡುಗಿದೆ. ಮಗಳು ನನ್ನನ್ನು ಒಂದು ಥರಾ ನೋಡಿ ಚಹಾಕ್ಕೆ ಇಡಲು ಹೋದಳು.

ಮುಷ್ಕರ ಶಾಲೆಗೆ ಬೀಗ ಹಾಕಿದ್ದೇ ಮಹಾನಂದಾಗೆ ವರವಾಯಿತು. ಬೀಗ ತೆಗೆದರೂ ಕಳಿಸುವುದಿಲ್ಲ ಎಂದು ಅವಳ ಹಟ. ಗಣಿತ, ವಿಜ್ಞಾನ ಅವಳೇ ಕಲಿಸುತ್ತಾಳೆ, ಬಿಎಸ್ಸಿ ಆಗಿದೆ. ಸಾಹಿತ್ಯವನ್ನು ಮಾತ್ರ ಓದಿ, ಕೂತು, ಮಾತಾಡಿ ಕಲಿಸಬೇಕು. ಅಳಿಯನದು ಒಂದೇ ಷರತ್ತು. ಅದನ್ನು ಅವನೇ ಊಟಕ್ಕೆ ಕೂತಾಗ ಹೇಳಿದ.

"ಮಾಮಾ, ನಾ ಬ್ಯಾಡ ಅನ್ನಂಗಿಲ್ರಿ. ಮಗರ ಸಮ್ಮೆ ಮುಗದು ಸಾಲಿ ತೆರೆಯಾದ್ರೊಳಗ ಕೈಯಾಗ ಒಂದು ಸಿಲೆಬಸ್ ಇರಬೇಕು. ಬುಕ್ಕಿರಬೇಕು, ಪ್ರಶ್ನಿ ಇರಬೇಕು, ಉತ್ರ ಇರಬೇಕು. ಇಲ್ಲಾಂದ್ರ ಇಬ್ಬರೂ ಅದೇ ಸಾಲಿಗಿ. ನಾಕು ಮಂದಿ ಕೇಳಿದ್ರ ನಾ ಏನ್ ತೋರಸ್ಲಿ?"

"ಮಾತಾಡಾಕ ಸಿಲೆಬಸ್ ಯಾಕ ಬೇಕು?" ಎಂದು ನಾನು ಮಗಳ ಪಕ್ಷ ವಹಿಸಿದೆ.

"ಅವರಿಗಿ ತೋರಸಾಕ ಬೇಕ್ರಿ ಅಪ್ಪ," ಎಂದಳು ಮಹಾನಂದಾ. ರೊಟ್ಟಿ ಬಡಿಸುತ್ತ ಸ್ವಲ್ಪ ತಡೆದು, "ಮತ್ತ ಖರೇ ಹೇಳ್ಬೇಕಂದ್ರ ನನಗೂ ಬೇಕು. ನೀವು ನಮಗ ಬರ್ಕೊಳ್ಳಾಕ ಕಲಿಸೀರಿ. ಕಥಿ ಬಗ್ಗೆ ಮಾತಾಡಾಕ ಎಲ್ಲಿ ಕಲಿಸೀರಿ?" ಎಂದಳು. ನನ್ನ ಶಾಲೆಯಲ್ಲೇ, ನನ್ನ ಕೈಯಲ್ಲೇ ಹತ್ತನೇ ತರಗತಿ ಮುಗಿಸಿದವಳು.

ಅತಿಥಿಗಳ ಮುಂದೆ ಹೀಗೆ ಮಾತಾಡುವುದು ಆ ದೇಶದ ಪದ್ಧತಿ ಇರಬೇಕು. ನಾನು ಮಜ್ಜಿಗೆ ಕೇಳಿದೆ.

ಮಗಳು ಎರಡು ವಿಳಾಸ ಹುಡುಕಿಟ್ಟಿದ್ದಳು. ಒಂದು ನಾರಾಯಣಖೇಡದ್ದು, ಇನ್ನೊಂದು ತಾಂಡೂರಿನದು. ಎರಡೂ ಕಡೆ ಮಕ್ಕಳನ್ನು ಮನೆಯಲ್ಲೇ ಓದಿಸುವವರಿದ್ದಾರೆ, ಎರಡೂ ಕಡೆ ಚರ್ಚೆಯ ಪಠ್ಯಕ್ರಮವಿದೆ. ಸುಜಾತಾಳನ್ನು ಕರೆದುಕೊಂಡು ಹೋಗಿ ನೋಡಿಬರುವುದು ನನ್ನ ಕೆಲಸ.

ನಾರಾಯಣಖೇಡ

ಬಸ್ಸಿಲ್ಲದ ಕಾರಣ ಜೀಪು. ಜೀಪು ಎಂದರೆ ಒಂಬತ್ತು ಜನ ಕೂಡುವ ಜಾಗದಲ್ಲಿ ಹದಿನೇಳು ಜನ ಒಬ್ಬರ ಮೊಣಕಾಲಿಗೆ ಒಬ್ಬರು ಕ್ಷಮೆ ಕೇಳುತ್ತ ಹೋಗುವ ವ್ಯವಸ್ಥೆ. ಕೆಂಪು ಮಣ್ಣಿನ ದಾರಿ. ನಾನು ಎಲ್ಲಿದ್ದರೂ ಆಜ್ಞೆಯನ್ನು ಗ್ರಂಥದ ಕನ್ನಡದಲ್ಲೇ ಕೊಡುವವನು. ವೃತ್ತಿಯಿಂದ ಬಂದ ಅಭ್ಯಾಸ. "ಕಿಟಕಿ ಮುಚ್ಚಿರಿ, ಧೂಳು ಬರುತ್ತಿದೆ" ಎಂದೆ. ಯಾರೂ ಅಲುಗಲಿಲ್ಲ. ಇನ್ನೊಮ್ಮೆ ಎಂದೆ.

ಕಿಟಕಿಯ ಪಕ್ಕದಲ್ಲಿ ಮಡಿಲಲ್ಲಿ ಬೀಜದ ಗಂಟು ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು. ಪಸ್ತಾಪುರದವಳಂತೆ, ಹೆಸರು ಚಂದ್ರವ್ವ, ತವರಿಗೆ ನವಣೆ ಬೀಜ ಒಯ್ಯುತ್ತಿದ್ದಳು. "ಯಪ್ಪಾ, ಇದಕ್ಕ ಗಾಜೇ ಇಲ್ಲ. ಏನ್ ಮುಚ್ಚಾದು?" ಎಂದಳು.

ಗಾಜಿಲ್ಲದಿರುವುದು ಜೀಪಿನವನ ಅಪರಾಧ. ನಾನು ಆಜ್ಞೆಯನ್ನು ಹಿಂದಕ್ಕೆ ಪಡೆಯಲಿಲ್ಲ. ಎಲ್ಲಿಗೆ ಹೊರಟಿರಿ ಎಂದು ಅವಳು ಕೇಳಿದಳು. ಮಕ್ಕಳಿಗೆ ಮಾತಾಡುವುದನ್ನು ಕಲಿಸುವ ಪುಸ್ತಕ ನೋಡಲು ಎಂದೆ.

"ಮಾತ್ ಕಲಿಸಾಕ ಪುಸ್ತಕ್ಯಾಕ್ರಿ?" ಎಂದಳು ಚಂದ್ರವ್ವ. "ಒಬ್ಬಾಕಿ ಅತ್ತಿ, ಒಬ್ಬಾಕಿ ನಾದಿನಿ ಇದ್ರ ಸಾಕು. ಮೂಕರೂ ಕಲೀತಾರ."

ಜೀಪೆಲ್ಲ ನಕ್ಕಿತು. ಸುಜಾತಾ ನಗಬಹುದೇ ಎಂದು ನನ್ನ ಮುಖ ನೋಡಿದಳು.

ನಾರಾಯಣಖೇಡದ ಶ್ರೀದೇವಿ ಮೇಡಂ ಮೊದಲು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಗಂಡ ದನದ ಡಾಕ್ಟರು. ಕನ್ನಡ, ತೆಲುಗು, ಹಿಂದಿ ಮೂರನ್ನೂ ಒಂದೇ ವಾಕ್ಯದಲ್ಲಿ ಜಗಳವಿಲ್ಲದಂತೆ ಇಡಬಲ್ಲವರು. ಹತ್ತು ವರ್ಷದ ಮಗನನ್ನು ಮನೆಯಲ್ಲೇ ಓದಿಸುತ್ತಾರೆ. ಅವರ ಪಠ್ಯಕ್ರಮ ಒಂದು ದೊಡ್ಡ ಪೆಟ್ಟಿಗೆಯಲ್ಲಿ ಸಮುದ್ರ ದಾಟಿ ಬಂದದ್ದು. ತೆರೆದರೆ ಹೊಸ ಚಪ್ಪಲಿಯ ವಾಸನೆ. ಕಥೆಪುಸ್ತಕಗಳು ಹನ್ನೆರಡು, ಅವುಗಳ ಬಗ್ಗೆ ಹೇಗೆ ಮಾತಾಡಬೇಕೆಂದು ತಿಳಿಸುವ ಗೈಡು ಹನ್ನೆರಡಕ್ಕಿಂತ ದಪ್ಪ.

"ಇದು ಪೂರಾ ಡಿಸ್ಕಷನ್ ಮೆಥಡ್ ರಿ," ಎಂದು ಅವರು ಗೈಡನ್ನು ನನ್ನ ಕೈಗೆ ಕೊಟ್ಟರು.

ನಾನು ಓದಿದೆ. ಕನ್ನಡದಲ್ಲಿ ಹೇಳುವುದಾದರೆ ಅಲ್ಲಿದ್ದದ್ದು ಹೀಗೆ. ಪ್ರಶ್ನೆ ಕೇಳಿರಿ. ಮೂವತ್ತು ಸೆಕೆಂಡು ಸುಮ್ಮನಿರಿ. ಮಗು ಅಚ್ಚರಿಪಟ್ಟು ಹೀಗೆ ಹೇಳುತ್ತದೆ. ಅದರ ಕೆಳಗೆ, ಮಗು ಹೇಳಬೇಕಾದದ್ದು. ಮಗುವನ್ನು ಹೊಗಳಿರಿ. ಹೊಗಳಿಕೆಯ ಮಾತೂ ಕೆಳಗಿತ್ತು.

ಕನ್ನಡಕ ಒರೆಸಿ ಇನ್ನೊಮ್ಮೆ ಓದಿದೆ. ಮಗುವಿನ ಉತ್ತರವನ್ನು ಮೊದಲೇ ಬರೆದಿಡುವುದನ್ನು ಕಂಡಿದ್ದೆ. ಮಗುವಿನ ಅಚ್ಚರಿಯನ್ನೂ ಮೊದಲೇ ಅಚ್ಚು ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು, ಹಡಗಿನಲ್ಲಿ ಕಳಿಸಿದ್ದನ್ನು ಕಂಡದ್ದು ಆಗಲೇ. ಅಂದಿನ ಪಾಠ ಹಿಮದ ಕಾಡಿನಲ್ಲಿ ನಿದ್ರೆ ಹೋಗುವ ಕರಡಿಯ ಕಥೆ. ಮಗುವನ್ನು ಅಂಗಳಕ್ಕೆ ಕರೆದೊಯ್ದು ಹಿಮವನ್ನು ಮುಟ್ಟಿಸಿ ಅದರ ಅನುಭವ ಚರ್ಚಿಸಿರಿ ಎಂದಿತ್ತು. ಮೇಡಂ ಆಜ್ಞೆ ಮೀರುವವರಲ್ಲ. ಫ್ರಿಜ್ಜಿನಲ್ಲಿ ಬರ್ಫ ಮಾಡಿಟ್ಟಿದ್ದರು. ಮುಷ್ಕರದಿಂದಾಗಿ ಬೆಳಗಿನಿಂದ ಕರೆಂಟಿರಲಿಲ್ಲ. ಅವರ ಮಗ ಅಂಗಳದ ಬಿಸಿಲಿನಲ್ಲಿ ನಿಂತು, ಬಟ್ಟಲಿನ ಉಗುರುಬೆಚ್ಚಗಿನ ನೀರಿನಲ್ಲಿ ಬೆರಳದ್ದಿ, ಹಿಮ ಬಹಳ ತಣ್ಣಗಿದೆ ಎಂದು ಇಂಗ್ಲಿಷಿನಲ್ಲಿ ಅಚ್ಚರಿಪಟ್ಟ.

"ನೀರು ಬೆಚ್ಚಗದ ಅಲ್ಲೇನಪ್ಪಾ?" ಎಂದು ನಾನು ಕೇಳಿದೆ.

"ಗೊತ್ತದ ಅಂಕಲ್," ಎಂದ. "ಮಗರ ಅಲ್ಲಿ ತಣ್ಣಗ ಅಂತ ಅದ."

ನಂತರ ಮೇಡಂ ಸುಜಾತಾಳನ್ನು ಕೂಡಿಸಿಕೊಂಡು ಮುಂದಿನ ಪ್ರಶ್ನೆ ಕೇಳಿದರು. ಕರಡಿಗೆ ಎಚ್ಚರವಾದಾಗ ಏನನಿಸಿರಬಹುದು? ಸುಜಾತಾಳ ಕಣ್ಣು ಮೇಡಂ ತೊಡೆಯ ಮೇಲೆ ತಲೆಕೆಳಗಾಗಿದ್ದ ಗೈಡಿನ ಮೇಲೆ ಹೋಯಿತು. ಸರಿಯಾಗಿ ಮೂವತ್ತು ಸೆಕೆಂಡು ಕಾಯ್ದಳು. ಆಮೇಲೆ ಅಚ್ಚಿನಲ್ಲಿದ್ದ ಉತ್ತರವನ್ನು ಅಕ್ಷರ ತಪ್ಪದೆ ಒಪ್ಪಿಸಿದಳು. ಹುಬ್ಬೇರಿಸುವುದನ್ನೂ ಮರೆಯಲಿಲ್ಲ.

"ಭಾಳ ಶಾಣೇ ಹುಡುಗಿ ರಿ," ಎಂದು ಮೇಡಂ ಹೊಗಳಿದರು. ಆ ಹೊಗಳಿಕೆಯೂ ಗೈಡಿನದೇ.

ನಾನು ಎದ್ದು ನಿಂತೆ. ಅವರ ಚಹಾ ಒಳ್ಳೆಯದಿತ್ತು, ಮನಸ್ಸು ಅದಕ್ಕಿಂತ ಒಳ್ಳೆಯದು. ಆದುದರಿಂದ ನನ್ನ ಭಾಷಣವನ್ನೆಲ್ಲ ವಾಪಸಿನ ಜೀಪಿನಲ್ಲಿ ಸುಜಾತಾಳ ಮುಂದೆ ಮಾಡಿದೆ. ಮಕ್ಕಳ ಬಾಯಿಗೆ ಮಾತು ತುರುಕುವವರ ಬಗ್ಗೆ ನನಗಿರುವ ಅಭಿಪ್ರಾಯ ದೀರ್ಘವಾದದ್ದು. ಜಹೀರಾಬಾದ್ ಬಂದರೂ ಮುಗಿಯಲಿಲ್ಲ. ನಡುನಡುವೆ ಕಿಟಕಿಯ ವಿಷಯವೂ ಬಂತು. ಈ ಜೀಪಿಗೆ ಗಾಜಿತ್ತು, ಸರಿಯುತ್ತಿರಲಿಲ್ಲ.

ಟೆಂಟು

ಅಳಿಯನಿಗೆ ವರದಿ ಒಪ್ಪಿಸಲು ಧರಣಿಯ ಟೆಂಟಿಗೇ ಹೋದೆವು. ಶಾಮಿಯಾನದ ಕೆಳಗೆ ಡ್ರೈವರು, ಕಂಡಕ್ಟರು, ಮಾಸ್ತರು, ನರ್ಸಮ್ಮಂದಿರು ಎಲ್ಲರೂ ಕೂತಿದ್ದರು. ಒಂದು ಮೈಕು, ಅದರ ಸುತ್ತ ಹತ್ತು ಕೈ. ಬೇರೆ ರಾಜ್ಯ ಬಂದರೆ ನೀರು ಯಾರಿಗೆ, ನೌಕರಿ ಯಾರಿಗೆ, ಗಡಿಯ ಕನ್ನಡದವರ ಗತಿಯೇನು ಎಂದು ವಾದ ನಡೆದಿತ್ತು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಒಪ್ಪುತ್ತಿರಲಿಲ್ಲ. ಒಪ್ಪದಿದ್ದರೂ ಬೀಡಿಗೆ ಬೆಂಕಿ ಕೊಡುತ್ತಿದ್ದ. ನನ್ನ ಅಳಿಯ ಎದ್ದು ಹತ್ತು ನಿಮಿಷ ಮಾತಾಡಿದ. ಟಿಕೆಟ್ ಹರಿಯುವುದರ ಹೊರತು ಅವನಿಗೆ ಇಷ್ಟು ವಿದ್ಯೆಯಿದೆಯೆಂದು ನನಗೆ ಗೊತ್ತಿರಲಿಲ್ಲ.

ಅವನು ಕೆಳಗಿಳಿದ ಮೇಲೆ ಕೇಳಿದೆ. "ಪ್ರಕಾಶ, ಈ ಚರ್ಚಾಕ್ಕ ಸಿಲೆಬಸ್ ಎಲ್ಲದಪ್ಪ? ನಿನ್ನ ಉತ್ರ ಯಾವ ಪುಟದಾಗದ?"

ಅವನು ನಗಲಿಲ್ಲ. "ಮಾಮಾ, ಇದು ರಾಜ್ಯದ ಮಾತು. ಅದು ಮಕ್ಕಳ ಜೀವನ" ಎಂದ. ಆಮೇಲೆ ಮೆಲ್ಲಗೆ, "ಸಮ್ಮೆ ಇನ್ ಭಾಳ ದಿನ ನಡೆಯಂಗಿಲ್ಲಂತ. ಸಾಲಿ ವಾಚ್‌ಮನ್ ಬಂದು ಹೇಳಿಹೋಗ್ಯಾನ, ಬರೋ ಸೋಮವಾರ ಬೀಗ ತೆಗೀತಾರಂತ. ನಿಮಗ ಸಿಕ್ಕಿತ್ತೇನ್ರಿ?" ಎಂದ.

ಅಂದು ಗುರುವಾರ. ಸುಜಾತಾ ನನ್ನ ಪಕ್ಕದಲ್ಲೇ ನಿಂತಿದ್ದಳು. ಸೋಮವಾರ ಎಂಬ ಶಬ್ದ ಕೇಳಿ ಅವಳ ಕೈ ನನ್ನ ಅಂಗಿಯ ಅಂಚನ್ನು ಹಿಡಿಯಿತು. ಏನನ್ನಬೇಕೆಂದು ಮಾತ್ರ ಯಾರನ್ನೂ ಕೇಳಲಿಲ್ಲ.

ತಾಂಡೂರು

ತಾಂಡೂರಿನಲ್ಲಿ ನೆಲವೇ ಸರಕು. ಭೂಮಿಯನ್ನು ಹಪ್ಪಳದಂತೆ ಪದರ ಪದರವಾಗಿ ಎಬ್ಬಿಸಿ, ಕೊಯ್ದು, ಉಜ್ಜಿ, ರೈಲಿಗೆ ಹಾಕುತ್ತಾರೆ. ನಮ್ಮೂರಿನ ಅರ್ಧ ಮನೆಗಳಲ್ಲಿ ನಾವು ಓಡಾಡುವುದು ತಾಂಡೂರಿನ ಮೇಲೆಯೇ. ಕೊಯ್ದ ಕಲ್ಲಿನ ಬೂದುಹಿಟ್ಟು ಬೇವಿನ ಎಲೆ, ಚಹಾದಂಗಡಿಯ ಬೆಂಚು, ಎಮ್ಮೆಯ ಬೆನ್ನು ಎಲ್ಲದರ ಮೇಲೂ ಕೂತಿತ್ತು. ಶನಿವಾರ ಬೆಳಿಗ್ಗೆ ಒಂದು ತೊಗರಿ ಲಾರಿಯ ಡ್ರೈವರನ ಪಕ್ಕ ಕೂತು ನಾವಿಬ್ಬರೂ ಅಲ್ಲಿ ಇಳಿದಾಗ ನಮ್ಮ ಬಣ್ಣವೂ ಅದೇ ಆಗಿತ್ತು. ಕಿಟಕಿ ಮುಚ್ಚಿರಿ ಎಂದು ಆ ಡ್ರೈವರನಿಗೆ ನಾನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಅವನಿಗೆ ಎಲೆಯಡಿಕೆ ಉಗುಳಲು ಕಿಟಕಿ ಬೇಕಾಗಿತ್ತು.

ಮಾರುತಿ ಕರಣಕೋಟದ ಸಿಮೆಂಟು ಕಾರ್ಖಾನೆಯಲ್ಲಿ ಗುಮಾಸ್ತ. ಶಾಲೆಗಳು ಮುಚ್ಚಿದ ಮೇಲೆ ತನ್ನ ಇಬ್ಬರು, ಪಕ್ಕದ ಮನೆಗಳ ಮೂವರು ಮಕ್ಕಳನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ಕನ್ನಡ ಸಾಹಿತ್ಯ ಹೇಳಿಕೊಡುತ್ತಿದ್ದ. ನೆಲಕ್ಕೆ ನೀಲಿ ಕಲ್ಲು, ಗೋಡೆಗೆ ಬುದ್ಧ, ಮೂಲೆಯಲ್ಲಿ ನೀರಿನ ಕೊಡ. ಕನ್ನಡದಲ್ಲಿ, ಚರ್ಚೆಯಿಂದ, ಸಂಬಳವಿಲ್ಲದೆ. ಕಡೆಗೂ ನನಗೆ ಬೇಕಾದ ಮನುಷ್ಯ ಸಿಕ್ಕ ಎಂದುಕೊಂಡೆ.

ಮಾರುತಿ ಕೈ ತೊಳೆದುಕೊಂಡು ಬಂದು, ಬಟ್ಟೆಯಲ್ಲಿ ಸುತ್ತಿಟ್ಟ ಒಂದು ದಪ್ಪ ನೋಟುಬುಕ್ಕನ್ನು ತೆರೆದ. "ನಮ್ಮಣ್ಣ ಮೆಟ್ರಿಕ್ ಓದುವಾಗಿಂದ್ರಿ ಸರ. ಅವಗ ಅವನ ದೋಸ್ತ ಕೊಟ್ಟದ್ದು, ಆ ದೋಸ್ತಗ ಮತ್ಯಾರೋ. ನಾ ಹೊಸದಾಗಿ ನಕಲ್ ಮಾಡೀನಿ. ಇದ್ರಾಗ ಬರೀ ಪ್ರಶ್ನಿ ಇಲ್ರಿ, ಚರ್ಚಾ ಅದ. ಚರ್ಚಾ ಆಗಿ ಕೊನಿಗಿ ಏನ್ ತೀರ್ಮಾನ ಆತು ಅನ್ನಾದೂ ಅದ."

ಅವನು ಮಕ್ಕಳ ಕಡೆ ತಿರುಗಿದ. ಅರಮನೆ ಕಟ್ಟಿಸಿ ಅದು ಮುಗಿಯುವ ಮೊದಲೇ ಸತ್ತುಹೋದ ಒಬ್ಬ ಅರಸನ ಪದ್ಯವನ್ನು ಓದಿಸಿದ. ನಂತರ ಕೇಳಿದ: "ಈ ಪದ್ಯದ ಬಗ್ಗೆ ನಿಮ್ಮ ಸ್ವಂತ ಅಭಿಪ್ರಾಯವೇನು?"

ಐದು ಮಕ್ಕಳು ಕೈಕಟ್ಟಿ ಎದ್ದು ನಿಂತು, ಒಂದೇ ಕಂಠದಲ್ಲಿ, ತಮ್ಮ ಸ್ವಂತ ಅಭಿಪ್ರಾಯವನ್ನು ಹೇಳಿದರು.

"ನನ್ನ ಸ್ವಂತ ಅಭಿಪ್ರಾಯವೇನೆಂದರೆ, ಈ ಪದ್ಯದಲ್ಲಿ ಕವಿಯು ಅರಸನ ಅಹಂಕಾರವನ್ನು ಖಂಡಿಸಿದ್ದಾನೆ. ಸಂಪತ್ತು ಶಾಶ್ವತವಲ್ಲ. ಕಿಟಕಿ ಮುಚ್ಚಿರಿ, ಧೂಳು ಬರುತ್ತಿದೆ. ಆದ್ದರಿಂದ ನಾವು ವಿನಯದಿಂದ ಬಾಳತಕ್ಕದ್ದು."

ಕಿಟಕಿ ಎನ್ನುವಲ್ಲಿ ಐವರೂ ಎರಡೂ ಅಂಗೈಗಳನ್ನು ಕದದಂತೆ ಕೂಡಿಸಿದರು. ಅಭಿನಯವೂ ಪಾಠದಲ್ಲಿತ್ತು.

"ಇದೇನಪ್ಪಾ ನಡುವ ಕಿಟಕಿ?" ಎಂದೆ.

ಮಾರುತಿ ಮುಂದಕ್ಕೆ ಸರಿದು ಕೂತ. "ಅಲ್ಲೇ ಇರಾದ್ರಿ ಸರ ಇದರ ಜೀವ. ಕಿಟಕಿ ಅಂದ್ರ ಕಣ್ಣು. ಧೂಳು ಅಂದ್ರ ಲೋಕದ ಆಸೆ. ಅರಸ ಕಣ್ ತೆರಕೊಂಡು ಕೂತಿದ್ದ, ಆಸೆ ಒಳಗ ಬಂತು, ಕೆಟ್ಟ. ನಮ್ಮಣ್ಣಗ ಈ ಉತ್ರಕ್ಕ ಪೂರಾ ಮಾರ್ಕ್ಸ್ ಬಿದ್ದಿದ್ವು."

ಮೂರು ದಿನದಿಂದ ಕೂಡಿಟ್ಟ ಸಿಟ್ಟು ನನ್ನಲ್ಲಿತ್ತು. ಅದನ್ನೆಲ್ಲ ಅಲ್ಲಿ ಸುರಿದೆ. ಸ್ವಂತ ಅಭಿಪ್ರಾಯವನ್ನು ಉಕ್ತಲೇಖನ ಬರೆಸಿದವನು ಮಾಸ್ತರನಲ್ಲ, ಮಕ್ಕಳ ಶತ್ರು ಎಂದೆ. ನಾರಾಯಣಖೇಡದ ಪೆಟ್ಟಿಗೆಯಾದರೂ ಪರದೇಶದ್ದು, ಇವನು ನಮ್ಮವನೇ ಇದ್ದುಕೊಂಡು ಹೀಗೆ ಮಾಡಿದನಲ್ಲ ಎಂದೆ. ಈ ಟಿಪ್ಪಣಿ ಬರೆಸಿದ ಮಹಾಶಯ ಇನ್ನೂ ಬದುಕಿದ್ದರೆ ಅವನನ್ನು ಊರೂರಿಗೆ ಕರೆದೊಯ್ದು, ತರಗತಿ ತರಗತಿಯಲ್ಲಿ ನಿಲ್ಲಿಸಿ, ಇದನ್ನೇ ಗಟ್ಟಿಯಾಗಿ ಓದಿಸಬೇಕು ಎಂದೆ. ಮಾರುತಿ ತಲೆ ತಗ್ಗಿಸಿದ. ಮಕ್ಕಳು ಅಂಗೈ ಕೂಡಿಸಿಕೊಂಡೇ ನಿಂತಿದ್ದರು.

"ಅದು ಉತ್ರ ಅಲ್ಲ," ಎಂದಿತು ಒಂದು ಧ್ವನಿ.

ಸುಜಾತಾ ನೋಟುಬುಕ್ಕನ್ನು ತನ್ನ ಕಡೆಗೆ ಎಳೆದುಕೊಂಡಿದ್ದಳು. ನಾವೆಲ್ಲ ತಿರುಗಿ ನೋಡಿದರೂ ಅವಳು ತಲೆ ಎತ್ತಲಿಲ್ಲ.

"ಕಿಟಕಿ ಸಾಲು ಉತ್ರ ಅಲ್ಲ. ಪದ್ಯದಾಗ ಕಿಟಕಿನೇ ಇಲ್ಲ. ಉಳಿದದ್ದು ಯಾವ ಪದ್ಯಕ್ಕ ಬೇಕಾದ್ರೂ ಬರೀಬಹುದು. ಈ ಸಾಲು ಯಾರೋ ಖರೇ ಮನುಷ್ಯಾ ಅಂದದ್ದು. ಅವ್ರಿಗಿ ಕೆಮ್ಮು ಬಂದಿರ್ಬೇಕು."

"ಹ್ಯಾಂಗ ಹೇಳ್ತಿ ಅಕ್ಕಾ?" ಎಂದು ಮಾರುತಿಯ ಮಗಳು ಕೇಳಿದಳು. "ಧೂಳು ಅಂದ್ರ ಆಸೆ. ನಮ್ಮಪ್ಪ ಹೇಳ್ಯಾನ."

"ಧೂಳು ಅಂದ್ರ ಧೂಳು," ಎಂದಳು ಸುಜಾತಾ. "ಯಾರಂದಾರ ಅನ್ನಾದೂ ನಂಗ ಗೊತ್ತದ." ಆಗ ತಲೆ ಎತ್ತಿ ನನ್ನನ್ನು ನೋಡಿದಳು. "ಮುತ್ಯಾ, ನೀವೇ ಅಂದದ್ದು. ಹಿಂಗ ಬುಕ್ಕಿನಂಗ ಮತ್ಯಾರೂ ಅನ್ನಂಗಿಲ್ಲ. ಜೀಪಿನಾಗ ಅಂದ್ರಿ. ಲಾರ್‍ಯಾಗ ಅಂದ್ರಿ. ಇವತ್ತು ಮುಂಜಾನಿ ಮನ್ಯಾಗ ಭೀ ಅಂದ್ರಿ."

ನೋಟುಬುಕ್ಕನ್ನು ಇಸಿದುಕೊಂಡು ಹಾಳೆ ತಿರುವಿದೆ. ‘ಬಾಳತಕ್ಕದ್ದು’ ಎಂಬುದು ನನ್ನದು. ‘ಖಂಡಿಸಿದ್ದಾನೆ’ ನನ್ನದು. ಸ್ವಂತ ಅಭಿಪ್ರಾಯವೂ ನನ್ನದೇ. ಹೆದ್ದಾರಿಯ ಪಕ್ಕದ ನಮ್ಮ ಶಾಲೆ, ಎಡಗಡೆಯ ಮೂರನೇ ಕಿಟಕಿ, ಬಸ್ಸು ಹೋದಾಗಲೆಲ್ಲ ಒಳಗೆ ಬರುತ್ತಿದ್ದ ಧೂಳು, ಟಿಪ್ಪಣಿ ಹೇಳುತ್ತ ಬೆಂಚುಗಳ ನಡುವೆ ಓಡಾಡುತ್ತಿದ್ದ ನಾನು. ಮೂವತ್ತು ವರ್ಷದ ಹಿಂದೆ ಯಾವನೋ ಪ್ರಾಮಾಣಿಕ ವಿದ್ಯಾರ್ಥಿ ನಾನು ಅಂದದ್ದನ್ನೆಲ್ಲ ಬರೆದುಕೊಂಡಿದ್ದ. ಅವನಿಂದ ಇನ್ನೊಬ್ಬ, ಇನ್ನೊಬ್ಬನಿಂದ ಮತ್ತೊಬ್ಬ. ನನ್ನ ವಿದ್ಯೆ ನನಗಿಂತ ಮೊದಲೇ ಗಡಿ ದಾಟಿ ಪರದೇಶದಲ್ಲಿ ಖ್ಯಾತಿ ಪಡೆದಿತ್ತು.

ಮಾರುತಿ ನನ್ನ ಕಾಲು ಮುಟ್ಟಲು ಬಂದ, ಬೈದು ಎಬ್ಬಿಸಿದೆ. ಮೊದಲು ನಕ್ಕವಳು ಸುಜಾತಾ. ಯಾರ ಮುಖವನ್ನೂ ನೋಡದೆ ನಕ್ಕಳು. ಆಮೇಲೆ ಕೇಳಿದಳು, "ಮುತ್ಯಾ, ಅವತ್ತು ಕಿಟಕಿ ಯಾರು ಮುಚ್ಚಿದ್ರು?"

ನೆನಪಿಲ್ಲ ಎಂದೆ. ಆದರೆ ಆ ಮಧ್ಯಾಹ್ನ ತಾಂಡೂರಿನ ಆ ಪಡಸಾಲೆಯಲ್ಲಿ ನಡೆದಂಥ ಗದ್ದಲ ನನ್ನ ಯಾವ ತರಗತಿಯಲ್ಲೂ ನಡೆದಿಲ್ಲ. ಮಾರುತಿಯ ಮಗಳು ಧೂಳು ಎಂದರೆ ಆಸೆಯೇ ಎಂದು ಪಟ್ಟು ಹಿಡಿದಳು. ಹಾಗಾದರೆ ಅರಮನೆ ಕಟ್ಟಿದ ಕೂಲಿಯವರ ಮೈಮೇಲಿನ ಧೂಳು ಯಾರ ಆಸೆ ಎಂದು ಸುಜಾತಾ ಕೇಳಿದಳು. ಆ ಐವರಲ್ಲಿ ಮೂವರ ಅಪ್ಪಂದಿರು ಕಲ್ಲು ಕೊಯ್ಯುವವರು. ಅವರಿಗೆ ಹೇಳಲು ಬಹಳವಿತ್ತು.

ವಾಪಸು

ಹೊರಡುವಾಗ ಸುಜಾತಾ ಆ ನೋಟುಬುಕ್ಕನ್ನು ಕೇಳಿದಳು. ಮಾರುತಿ ತನ್ನ ಹಳೆಯ ಪ್ರತಿಯನ್ನು ಕೊಟ್ಟ. ಅದನ್ನು ಸುಟ್ಟುಹಾಕಬೇಕೆಂಬುದು ನನ್ನ ವಾದ. ಮೊಮ್ಮಗಳು ಲಾರಿಯುದ್ದಕ್ಕೂ ಎದೆಗವಚಿಕೊಂಡು ಕೂತಳು.

ಭಾನುವಾರ ಬೆಳಿಗ್ಗೆ ಅಳಿಯ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. ಪ್ರಶ್ನೆ ಇತ್ತು, ಉತ್ತರ ಇತ್ತು, ದಪ್ಪವಿತ್ತು. ಅವನ ಮುಖ ತಿಳಿಯಾಯಿತು. "ಇದನ್ನ ಪೂರಾ ಬಾಯಿಪಾಠ ಮಾಡ್ತಿಯೇನು?" ಎಂದು ಮಗಳನ್ನು ಕೇಳಿದ.

ಹುಡುಗಿ ತಾಯಿಯ ಕಡೆ ತಿರುಗಲಿಲ್ಲ. "ಇಲ್ಲ. ದಿನಾ ಒಂದು ಉತ್ರ ಓದಿ, ಅದು ಎಲ್ಲೆಲ್ಲಿ ಸುಳ್ಳದ ಅಂತ ನಾನೂ ಮೈನಾ ಹುಡಕ್ತೀವಿ. ಅವ್ವಾ ಮುತ್ಯಾನ ಕಡಿಂದ ಮಾತಾಡ್ತಾಳ. ನೀವು ಭೀ ಕೂಡ್ರಿ ಪಪ್ಪಾ. ಟೆಂಟಿನಾಗ ಚಂದ ಜಗಳಾಡ್ತೀರಿ."

ಪ್ರಕಾಶ ನೋಟುಬುಕ್ಕನ್ನಲ್ಲ, ಮಗಳ ಮುಖವನ್ನು ನೋಡುತ್ತಿದ್ದ. "ಒಂದು ತಿಂಗಳು ನೋಡಮು," ಎಂದ. ಸೋಮವಾರ ಶಾಲೆಯ ಬೀಗ ತೆಗೆದರು. ನನ್ನ ಮೊಮ್ಮಕ್ಕಳು ಹೋಗಲಿಲ್ಲ.

ನಾನು ಹುಮನಾಬಾದಿಗೆ ಮರಳಿದೆ. ಒಂದು ಇಡೀ ಜೀವಮಾನದ ದುಡಿಮೆ ತಪ್ಪುಗಳ ಪಠ್ಯಪುಸ್ತಕವಾಗಿ ಮನೆಯವರಿಂದಲೇ ಆಯ್ಕೆಯಾದದ್ದು ನನಗೆ ಒಪ್ಪಿಗೆಯಿಲ್ಲ. ಏಳನೆಯ ಉತ್ತರದಲ್ಲಿ ನಾನು ಹೇಳಿದ್ದು ಸರಿಯೇ ಇದೆ, ಇದನ್ನು ಓದುಗರು ಗಮನಿಸಬೇಕು. ಆ ಬಗ್ಗೆ ಫೋನಿನಲ್ಲಿ ಮೂರು ಸಲ ಜಗಳವಾಗಿದೆ.

ಮೊನ್ನೆ ಮತ್ತೆ ಸುಜಾತಾಳ ಫೋನು ಬಂತು. "ಮುತ್ಯಾ, ಕಿಟಕಿ ಯಾರು ಮುಚ್ಚಿದ್ರು ಹೇಳ್ರಿ. ಮಾನಿಟರ್ ಅಂತಾಳ ಮೈನಾ. ನೀವೇ ಹೋಗಿ ಮುಚ್ಚೀರಿ ಅಂತೀನಿ ನಾ."

ಈ ಸಲ ನೆನಪಿತ್ತು. ತಾಂಡೂರಿನಲ್ಲೂ ಇತ್ತು, ನಿಜ ಹೇಳಬೇಕೆಂದರೆ.

"ಯಾರೂ ಮುಚ್ಚಲಿಲ್ಲವ್ವ," ಎಂದೆ. "ಎಲ್ಲಾರೂ ತಲಿ ತಗ್ಗಿಸಿ ಅದನ್ನ ಬರ್ಕೊಳ್ಳಾಕತ್ತಿದ್ರು."

ಆ ಕಡೆ ಮೌನ. ಮೂವತ್ತು ಸೆಕೆಂಡಿಗಿಂತ ಹೆಚ್ಚೇ ಇರಬೇಕು. ಆಮೇಲೆ, ಅಚ್ಚರಿಯಿಂದಲ್ಲ, ಚೆನ್ನಾಗಿ ಸಿಟ್ಟು ಬಂದ ಧ್ವನಿಯಲ್ಲಿ ಕೇಳಿದಳು:

"ಮತ್ತ ನೀವ್ಯಾಕ ಹೋಗಿ ಮುಚ್ಚಲಿಲ್ಲ?"